ಹದಿನೇಳನೇ ನಂಬರಿನ ಬೆಸುಗೆಗಳು

ಆ ಪಟ್ಟಣದ ಟ್ರಾಮ್ ಹಳಿಯ ಬಗ್ಗೆ ಏನು ತಿಳಿಯಬೇಕಿದ್ದರೂ ವಿಲ್ಫ್ರೆಡ್ ಪಿರೇರಾನನ್ನು ಕೇಳಬೇಕು ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಕೇಳಿದವರಿಗೆ ಉತ್ತರ ಸಿಗುತ್ತದೆ, ನಗು ಸಿಗುವುದಿಲ್ಲ. ಯಾವ ತಿರುವು ಯಾವ ತಿಂಗಳಲ್ಲಿ ಹಾಕಿದ್ದು, ಎಲ್ಲಿ ನೀರಿನ ಪೈಪು ಅಡ್ಡ ಬಂದು ಲೈನನ್ನು ಮೂರು ಮೀಟರ್ ಸರಿಸಿದ್ದು, ಯಾವ ಸ್ಟಾಪಿಗೆ ಮೊದಲು ಬೇರೆ ಹೆಸರಿತ್ತು ಎಂಬುದನ್ನೆಲ್ಲ ಅವನು ಪಡಿತರ ಅಂಗಡಿಯವನು ಚೀಟಿ ಓದುವ ದನಿಯಲ್ಲಿ ಹೇಳಿ ಮುಗಿಸಿ ಮತ್ತೆ ತನ್ನ ಚಹಾದ ಲೋಟ ನೋಡುತ್ತಾ ಕೂತುಬಿಡುತ್ತಾನೆ. ಐವತ್ತನಾಲ್ಕು ವರ್ಷದ ಮನುಷ್ಯ, ಬೆಳ್ಮಣ್ಣಿನವನು. ಹುಡುಗನಾಗಿದ್ದಾಗ ಕೊಂಕಣ ರೈಲಿನ ಹಳಿ ಕೆಲಸಕ್ಕೆ ಸೇರಿ ಬೆಸುಗೆ ಕಲಿತವನು. ದೋಹಾದ ಉತ್ತರಕ್ಕೆ, ಕಡಲಿಗೆ ಮಣ್ಣು ತುಂಬಿ ಎಬ್ಬಿಸಿದ ಈ ಹೊಸ ಪಟ್ಟಣಕ್ಕೆ ಅವನು ಬಂದಾಗ ಇಲ್ಲಿ ಟ್ರಾಮೂ ಇರಲಿಲ್ಲ, ಪಟ್ಟಣವೂ ಇರಲಿಲ್ಲ. ಅವನು ಬರೇ ವೆಲ್ಡರ್ ಆಗಿದ್ದ. ಈಗ ಹಳಿಗಳ ಇನ್‌ಸ್ಪೆಕ್ಟರ್.

ಬುಧವಾರ ಆಫೀಸಿನಲ್ಲಿ ಕ್ವಾಲಿಟಿ ವಿಭಾಗದ ಝೇವಿಯರ್ ಅವನ ಮುಂದೆ ಒಂದು ಪಟ್ಟಿ ಇಟ್ಟ. ಝೇವಿಯರ್ ಮಂಗಳೂರಿನ ಬಜಾಲಿನವನು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು, ಹುದ್ದೆಯಲ್ಲಿ ಎರಡು ಮೆಟ್ಟಿಲು ಮೇಲಿನವನು. ಕಂಪನಿಯವರು ಟ್ರಾಮ್ ಹಳಿಯ ಚರಿತ್ರೆಯನ್ನು ಚಂದದ ಪುಸ್ತಕ ಮಾಡಿ ಅಚ್ಚು ಹಾಕಿಸುತ್ತಾರಂತೆ. ಮೊದಲ ಲೈನು ಡಿಪೋದಿಂದ ಕಡಲ ದಂಡೆಗೆ ಯಾವಾಗ ಹೋಯಿತು, ಎರಡನೆಯದು ಗೋಪುರದಂಥ ಕಟ್ಟಡಗಳನ್ನು ಸುತ್ತು ಹಾಕಿ ಹೇಗೆ ಬಂತು, ಎಲ್ಲ ಇರುತ್ತದಂತೆ. ಕೊನೆಯಲ್ಲಿ ಹಳಿ ಬೆಸೆದವರ ಹೆಸರು.

"ಓದಿ ನೋಡಿ, ಸರಿ ಉಂಟಾ ಹೇಳಿ. ಆದಿತ್ಯವಾರ ಸೈನ್ ಮಾಡಿ ಕೊಟ್ರೆ ಆಯ್ತು," ಎಂದ ಝೇವಿಯರ್. "ನಿಮ್ಮದೇ ಫಸ್ಟ್ ಹೆಸರು ವಿಲ್ಲಿಯಣ್ಣ. ಮುನ್ನೂರ ಎಂಬತ್ತೆಂಟು ಜಾಯಿಂಟ್! ಫೋಟೋನೂ ಹಾಕ್ತಾರೆ. ಡೊರೊತಿಯಕ್ಕನ ಹತ್ರ ಹೇಳಿ, ಒಳ್ಳೆ ಶರ್ಟ್ ಇಸ್ತ್ರಿ ಮಾಡಿ ಇಡ್ಲಿಕ್ಕೆ."

ವಿಲ್ಫ್ರೆಡ್ ಪಟ್ಟಿಯಲ್ಲಿ ಬೆರಳು ಇಳಿಸುತ್ತಾ ಹೋದ. ಒಂಬತ್ತನೆಯ ಸಾಲಿನಲ್ಲಿ ತನಿಯ ಎಂದಿತ್ತು. ನಂಬರು ಮೂವತ್ತೊಂದು, ಜಾಯಿಂಟು ನೂರ ನಲವತ್ತು. ಅವನು ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಎದೆಯಲ್ಲಿ ಏನೂ ಆಗಲಿಲ್ಲ. ಆರು ವರ್ಷದಿಂದ ಅಲ್ಲಿ ಏನೂ ಆಗುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹಳಿ ಬೆಸೆಯುವವನಿಗೆ ಒಂದು ನಂಬರು ಕೊಟ್ಟಿರುತ್ತಾರೆ. ಎರಡು ಹಳಿಗಳ ತುದಿಯ ನಡುವೆ ಬೆರಳಗಲ ಜಾಗ ಬಿಟ್ಟು, ಸುತ್ತ ಅಚ್ಚು ಕಟ್ಟಿ, ಮೇಲಿನಿಂದ ಕರಗಿದ ಕಬ್ಬಿಣ ಹೊಯ್ದು, ತಣಿದ ಮೇಲೆ ಉಜ್ಜಿ ನಯಮಾಡಿ, ಕಡೆಗೆ ಹಳಿಯ ಬದಿಗೆ ತನ್ನ ನಂಬರನ್ನು ಪಂಚು ಸುತ್ತಿಗೆಯಲ್ಲಿ ಹೊಡೆಯಬೇಕು. ನಾಳೆ ಹಳಿ ಬಿರುಕು ಬಿಟ್ಟರೆ ಯಾರ ಕುತ್ತಿಗೆ ಹಿಡಿಯಬೇಕು ಎಂದು ಗೊತ್ತಾಗಬೇಕಲ್ಲ, ಅದಕ್ಕೆ. ಆಮೇಲೆ ರಸ್ತೆ ಹಾಕುವವರು ಬಂದು ಕಾಂಕ್ರೀಟು ತುಂಬಿ ಎಲ್ಲ ಮುಚ್ಚುತ್ತಾರೆ, ಹಳಿಯ ಬೆನ್ನು ಮಾತ್ರ ಹೊರಗೆ ಕಾಣುತ್ತದೆ. ಆರು ತಿಂಗಳಲ್ಲಿ ಒಂದಾದರೂ ಬೆಸುಗೆ ನಂಬರಿನ ಮೇಲೆ ಬೀಳದಿದ್ದರೆ ವೆಲ್ಡರನ ಸರ್ಟಿಫಿಕೇಟು ಸಾಯುತ್ತದೆ. ಸರ್ಟಿಫಿಕೇಟು ಸತ್ತವನು ಫೋರ್‌ಮನ್ ಆಗಿರುವ ಹಾಗಿಲ್ಲ. ವಿಲ್ಫ್ರೆಡ್ ಆಗ ಬೆಸುಗೆ ಗ್ಯಾಂಗಿನ ಫೋರ್‌ಮನ್, ಆದರೂ ಉಳಿದವರ ಹಾಗೆ ದಿನದ ಬೆಸುಗೆಯ ಪಾಲು ಅವನಿಗೂ ಇತ್ತು.

ವಿಲ್ಫ್ರೆಡನ ನಂಬರು ಹದಿನೇಳು. ಪಟ್ಟಿಯಲ್ಲಿ ಅವನ ಹೆಸರಿನ ಎದುರಿಗಿದ್ದ ಮುನ್ನೂರ ಎಂಬತ್ತೆಂಟರಲ್ಲಿ ನೂರ ಎಪ್ಪತ್ತಾರು ಅವನು ಮಾಡಿದ್ದಲ್ಲ. ಅವು ತನಿಯನವು.

ತನಿಯ ಮುಂಡ್ಕೂರಿನವನು. ಅವನಿಗೆ ಕೆಲಸ ಕಲಿಸಿದ್ದು, ವೀಸಾ ಮಾಡಿಸಿ ಕರೆಸಿದ್ದು, ಕ್ಯಾಂಪಿನಲ್ಲಿ ತನ್ನ ಮಂಚದ ಮೇಲಿನ ಮಂಚ ಕೊಡಿಸಿದ್ದು ವಿಲ್ಫ್ರೆಡ್. ಕಲಿಸಿದವನನ್ನು ಮೀರಿಸಿ ಬೆಳೆದ ಕೈ ಅವನದು. ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ವಿಲ್ಫ್ರೆಡನನ್ನು ಪೊರ್ಬುಗಳೇ ಎನ್ನುತ್ತಿದ್ದ. ಬಾಯಿ ತುಂಬ ಮಾತು. ಕಬ್ಬಿಣ ಕುದಿಯುವಾಗಲೂ ಅದರೊಡನೆ ಏನಾದರೂ ಹರಟೆ ಹೊಡೆಯುತ್ತಿದ್ದ.

ವಿಲ್ಫ್ರೆಡನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಅದು ಬೆರಳುಗಳನ್ನು ತಿಂದಾಗಿತ್ತು. ತುದಿಬೆರಳು ಜೋಮು ಹಿಡಿದಂತೆ ಇರುತ್ತಿತ್ತು, ಜೋಮು ಬಿಡುತ್ತಿರಲಿಲ್ಲ. ಅಚ್ಚಿಗೂ ಹಳಿಗೂ ನಡುವಿನ ಸಂದಿಗೆ ಒದ್ದೆ ಮರಳನ್ನು ಬೆರಳ ತುದಿಯಿಂದಲೇ ಒತ್ತಿ ತುಂಬಬೇಕು. ಎಲ್ಲಿ ಸಡಿಲ, ಎಲ್ಲಿ ಗಟ್ಟಿ ಎಂದು ಬೆರಳೇ ಹೇಳಬೇಕು, ಕಣ್ಣಿಗೆ ಅದು ಕಾಣುವುದಿಲ್ಲ. ಒಂದು ದಿನ ವಿಲ್ಫ್ರೆಡ್ ಆರದ ಅಚ್ಚಿನ ಮೇಲೆ ಕೈ ಊರಿ ನಿಂತಿದ್ದ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಯಾರದಪ್ಪಾ ಎಂದು ಆಚೀಚೆ ನೋಡಿದ. ತನಿಯ ಅವನ ಕೈಯನ್ನು ಎಳೆದು ನೀರಿನ ಬಕೆಟ್ಟಿಗೆ ಅದ್ದಿದ. ಮಾತುಗಾರ ಅಂದು ಜಾಸ್ತಿ ಮಾತಾಡಲಿಲ್ಲ.

"ಪಂಚು ಇಲ್ಲಿ ಕೊಡಿ ಪೊರ್ಬುಗಳೇ. ನಿಮ್ಮದು ನಾನು ಮಾಡ್ತೇನೆ. ನೀವು ಸುಮ್ಮನೆ ಹತ್ರ ನಿಂತುಕೊಳ್ಳಿ," ಎಂದ.

ಹನ್ನೊಂದು ತಿಂಗಳು ಹಾಗೆಯೇ ನಡೆಯಿತು. ತನ್ನ ಪಾಲಿನದು ಮುಗಿಸಿ ಮೂವತ್ತೊಂದು ಎಂದು ಹೊಡೆದು, ಮತ್ತೆ ವಿಲ್ಫ್ರೆಡನ ಪಾಲಿನದನ್ನು ಮುಗಿಸಿ ಹದಿನೇಳು ಎಂದು ಹೊಡೆಯುವನು. ಬೇಸಿಗೆಯಲ್ಲಿ ಹನ್ನೊಂದೂವರೆಗೆ ಬಿಸಿಲಿನ ಕೆಲಸ ನಿಲ್ಲಿಸಬೇಕು. ಅಷ್ಟರೊಳಗೆ ಇಬ್ಬರ ಕೆಲಸ ಒಬ್ಬ ಮುಗಿಸಬೇಕು. ಗ್ಯಾಂಗಿನ ನೇಪಾಳಿಗಳಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ವಿಲ್ಫ್ರೆಡ್ ಹತ್ತಿರ ನಿಂತುಕೊಂಡಿದ್ದ. ಸರ್ಟಿಫಿಕೇಟು ಉಳಿಯಿತು, ಫೋರ್‌ಮನ್ ಕೆಲಸ ಉಳಿಯಿತು. ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್ ಹನ್ನೆರಡರ ಬೆಳಿಗ್ಗೆ ಬಸ್ಸಿನ ಹೊತ್ತಾಯಿತು ಎಂದು ಮೇಲಿನ ಮಂಚ ತಟ್ಟಿದರೆ ತನಿಯ ಏಳಲಿಲ್ಲ. ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ವಯಸ್ಸು ನಲವತ್ತೊಂದು.

ವಿಲ್ಫ್ರೆಡ್ ಅವನ ಬಟ್ಟೆ ಒಗೆದು ಒಣಗಿಸಿ ಬ್ಯಾಗಿಗೆ ತುಂಬಿದ. ಕಾಗದಪತ್ರಕ್ಕೆ ಓಡಾಡಿದ. ಪೆಟ್ಟಿಗೆಯೊಂದಿಗೆ ಏರ್‌ಪೋರ್ಟಿನ ತನಕ ಹೋದ. ಎಲ್ಲರೂ ಅತ್ತರು, ಇವನಿಗೆ ಅಳು ಬರಲಿಲ್ಲ. ನಾಳೆ ಬಂದೀತು ಎಂದುಕೊಂಡ. ನಾಳೆಯೂ ಬರಲಿಲ್ಲ. ಆಮೇಲೆ ಸಿಟ್ಟೂ ಬರುವುದು ನಿಂತಿತು, ಹಬ್ಬದ ದಿನ ಖುಷಿಯೂ ಬರುವುದು ನಿಂತಿತು. ಇನ್‌ಸ್ಪೆಕ್ಟರ್ ಆಗಿ ಫ್ಯಾಮಿಲಿ ವೀಸಾ ಸಿಕ್ಕಿ, ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಹೆಂಡತಿ ಡೊರೊತಿ ಮೊದಲ ಬಾರಿ ದೋಹಾದ ಅಲ್ ಸದ್ದ್‌ನ ಬಾಡಿಗೆ ಫ್ಲಾಟಿಗೆ ಕಾಲಿಟ್ಟಾಗ ಅವನು ಫ್ರಿಜ್ಜು ಎಲ್ಲಿದೆ, ಗ್ಯಾಸು ಹೇಗೆ ಹಚ್ಚಬೇಕು ಎಂದು ತೋರಿಸಿದ, ಅಷ್ಟೇ. ಸಕ್ಕರೆಯವರಿಗೆಲ್ಲ ಹೀಗೇ ಎಂದು ಡೊರೊತಿ ಮೆಂತೆ ನೆನೆಸಿಟ್ಟ ನೀರು ಕುಡಿಸಿದಳು. ಮಕ್ಕಳಿಲ್ಲದ ಅವಳು ಇಲ್ಲಿ ಹೊಲಿಗೆ, ಚರ್ಚಿನ ಹಾಡಿನ ಗುಂಪು, ಮೀನು ಮಾರ್ಕೆಟ್ಟಿನ ಗೆಳತಿಯರು ಎಂದು ಒಂದೇ ವರ್ಷದಲ್ಲಿ ಬೇರು ಬಿಟ್ಟಳು. ಊರಿನಲ್ಲಿ ಅವರಿಗಿರುವುದು ಅಣ್ಣನ ಮನೆಯ ಹಿಂದಿನ ಒಂದು ಕೋಣೆ.

ಗುರುವಾರ ಫೋನು ಬಂತು. ತನಿಯನ ಮಗಳು ಗ್ರೀಷ್ಮಾ. ಅಲ್ ಅಜೀಜಿಯಾದ ಕಡೆ ಒಂದು ಕ್ಲಿನಿಕ್ಕಿಗೆ ನರ್ಸಾಗಿ ಬಂದು ಎರಡು ತಿಂಗಳಾಗಿದೆಯಂತೆ. ಶನಿವಾರ ರಜೆ.

"ಅಪ್ಪ ಮಾಡಿದ್ದು ನೋಡ್ಬೇಕು ಅಂಕಲ್. ಅವರ ನಂಬರ್ ಮೂವತ್ತೊಂದು ಅಲ್ವಾ? ಒಂದು ಫೋಟೋ ತೆಗೆದು ಅಮ್ಮನಿಗೆ ಕಳಿಸ್ತೇನೆ."

ಬಾ ಎಂದ ವಿಲ್ಫ್ರೆಡ್. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಡಿಪೋದ ಹತ್ತಿರದ ಸ್ಟಾಪಿನಲ್ಲಿ ಅವಳು ನಿಂತಿದ್ದಳು. ಗಲ್ಲ, ಹುಬ್ಬು ಎಲ್ಲ ತನಿಯನದೇ, ಮಾತು ಮಾತ್ರ ಕಮ್ಮಿ. ತುಳುವಿನಲ್ಲಿ ಶುರುವಾದ ಮಾತು ಮಂಗಳೂರಿನ ನರ್ಸಿಂಗ್ ಕಾಲೇಜಿನ ಕನ್ನಡಕ್ಕೆ ತಿರುಗಿತು. ಇಬ್ಬರೂ ಟ್ರಾಮ್ ಹತ್ತಿದರು. ಕಡಲ ದಂಡೆಯ ಉದ್ದಕ್ಕೂ ಗಾಡಿ ಮೆತ್ತಗೆ ಹೋಯಿತು. ಅವಳು ಕಿಟಕಿಯ ಆಚೆ ನೋಡದೆ ಕಾಲ ಬುಡ ನೋಡುತ್ತಿದ್ದಳು.

"ಜಾಯಿಂಟ್ ಬಂದಾಗ ಗೊತ್ತಾಗ್ತದಾ ಅಂಕಲ್? ಊರ ರೈಲಲ್ಲಿ ಟಕ್ ಟಕ್ ಅಂತದಲ್ಲ?"

"ಇದರಲ್ಲಿ ಗೊತ್ತಾಗುವುದಿಲ್ಲ ಮಗಾ. ಗೊತ್ತಾದ್ರೆ ಬೆಸುಗೆ ಸರಿ ಇಲ್ಲ ಅಂತ ಅರ್ಥ. ಈಗ ದಾಟಿತು ನೋಡು, ಒಂದು. ನಿನ್ನ ಅಪ್ಪನದ್ದು."

ಅವಳು ತಟ್ಟನೆ ಹಿಂದೆ ತಿರುಗಿದಳು. ಕಾಣಲು ಏನೂ ಇರಲಿಲ್ಲ, ಕಾಂಕ್ರೀಟು ಮತ್ತು ಬಿಸಿಲು. "ನಂಬರ್ ಎಲ್ಲಿ ಕಾಣ್ತದೆ ಹಾಗಾದ್ರೆ?"

ನಂಬರು ಕಾಣುವ ಜಾಗ ಇಡೀ ಪಟ್ಟಣದಲ್ಲಿ ಒಂದೇ ಇತ್ತು. ಎರಡನೆಯ ಲೈನಿನಿಂದ ಒಂದು ಕವಲು ಒಡೆದು ಪಶ್ಚಿಮಕ್ಕೆ ಹೋಗಬೇಕಿತ್ತು. ಅಲ್ಲಿ ಶಾಲೆ ಬರುತ್ತದೆ, ಆಸ್ಪತ್ರೆ ಬರುತ್ತದೆ, ಸಾವಿರ ಮನೆ ಬರುತ್ತದೆ ಎಂದು ನಕಾಶೆಯಲ್ಲಿತ್ತು. ಎಂಬತ್ತು ಮೀಟರ್ ಹಳಿ ಹಾಕಿದ ಮೇಲೆ ನಕಾಶೆ ಬದಲಾಯಿತು, ಖಲಾಸ್ ಎಂದು ಮೇಲಿನಿಂದ ಮಾತು ಬಂತು. ಹಳಿಯನ್ನು ಕೀಳಲೂ ಇಲ್ಲ, ರಸ್ತೆ ಹಾಕಲೂ ಇಲ್ಲ. ಈಗಲೂ ಅದು ಮುಖ್ಯ ಲೈನಿನಿಂದ ಬೇರೆಯಾಗಿ ಹೋಗಿ ಮರಳಿನ ನಡುವೆ ನಿಂತಿದೆ. ಒಂದು ಟ್ರಾಮೂ ಅದರ ಮೇಲೆ ಹೋಗಿಲ್ಲ. ವಿಲ್ಫ್ರೆಡ್ ತನ್ನ ಪಾಸು ತೋರಿಸಿ ಬೇಲಿಯ ಗೇಟು ತೆಗೆಸಿದ. ತೋರಿಸಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದುಕೊಂಡು ಹೋದ. ಅಂದು ಅವನ ಕಾಲು ಅವನನ್ನು ಕೇಳದೆ ನಡೆಯಿತು ಎಂದರೂ ತಪ್ಪಲ್ಲ.

ಗ್ರೀಷ್ಮಾ ಮರಳಿನಲ್ಲಿ ಮಂಡಿಯೂರಿ ಕೂತು ಹಳಿಯ ಬದಿಯ ಧೂಳನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಹದಿನೇಳು. ಮುಂದಿನದಕ್ಕೆ ಹೋದಳು. ಹದಿನೇಳು. ಆಚೆ ಬದಿಯದು ನೋಡಿದಳು, ಅದೂ ಹದಿನೇಳೇ. ಅಲ್ಲಿದ್ದದ್ದು ಒಟ್ಟು ಒಂಬತ್ತು ಜಾಯಿಂಟು. ಒಂಬತ್ತನ್ನೂ ಒರೆಸಿ ನೋಡಿ ಎದ್ದು ನಿಂತಳು.

"ಇದು ಯಾರದ್ದು ನಂಬರ್?"

"ನನ್ನದು. ಈ ಕವಲು ನನ್ನ ಪಾಲಿಗೆ ಬಂದದ್ದು."

"ಅಪ್ಪನದ್ದು ಎಲ್ಲಿ?"

"ಇವೆಲ್ಲ ಅಪ್ಪನದ್ದೇ ಮಗಾ," ಎಂದ ವಿಲ್ಫ್ರೆಡ್. ಆಮೇಲೆ ಎಲ್ಲ ಹೇಳಿದ. ಬೆರಳು, ಸುಟ್ಟ ಕೈ, ಪಂಚು, ಹನ್ನೊಂದು ತಿಂಗಳು, ನೂರ ಎಪ್ಪತ್ತಾರು. ಕಿಸೆಯಲ್ಲಿದ್ದ ಪಟ್ಟಿಯನ್ನೂ ಬಿಡಿಸಿ ತೋರಿಸಿದ. ಲೈನಿನ ಚರಿತ್ರೆ ಹೇಳುವ ಅದೇ ದನಿಯಲ್ಲಿ ಹೇಳಿದ, ಅವನಿಗೆ ಬೇರೆ ದನಿ ಉಳಿದಿರಲಿಲ್ಲ.

ಗ್ರೀಷ್ಮಾ ಪಟ್ಟಿಯಲ್ಲಿ ಅಪ್ಪನ ಸಾಲು ಹುಡುಕಿ ಓದಿದಳು. "ಆ ವರ್ಷ ಅಪ್ಪ ಫೋನಲ್ಲಿ ಮಾತಾಡ್ತಾ ಮಾತಾಡ್ತಾ ನಿದ್ದೆ ಹೋಗ್ತಿದ್ರು," ಎಂದಳು. "ಗೊರಕೆ ಕೇಳ್ತಿತ್ತು. ನಾನೂ ಅಮ್ಮನೂ ಸ್ಪೀಕರ್‌ನಲ್ಲಿ ಇಟ್ಟು ನಗ್ತಿದ್ದೆವು."

ವಿಲ್ಫ್ರೆಡ್ ಪಟ್ಟಿಯನ್ನು ತೆಗೆದುಕೊಂಡು ಮತ್ತೆ ಮಡಚಲು ನೋಡಿದ. ಬೆರಳಿಗೆ ಮಡಿಕೆ ಸಿಗಲಿಲ್ಲ.

"ಕೈ ಕೊಡಿ," ಎಂದಳು ಅವಳು. ಕೊಟ್ಟ. "ಕಣ್ಣು ಮುಚ್ಚಿ." ಮುಚ್ಚಿದ. ಅವಳು ಬ್ಯಾಗಿನಿಂದ ಪೆನ್ನು ತೆಗೆದು ಒಂದೊಂದೇ ಬೆರಳಿನ ತುದಿಗೆ ಒತ್ತಿದಳು. "ಈಗ ಯಾವ ಬೆರಳು?"

"ಮುಟ್ಟಿಯೇ ಇಲ್ಲ."

"ಈಗ?"

"ಇಲ್ಲ."

ಕಣ್ಣು ಬಿಟ್ಟು ನೋಡಿದರೆ ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಐದೂ ತುದಿಗೆ ನೀಲಿ ಶಾಯಿಯ ಚುಕ್ಕೆ ಬಿದ್ದಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಸುಳ್ಳಾ ನಿಜವಾ ನೋಡಿದೆ. ನಿಜ. ಅಷ್ಟು ಅಮ್ಮನಿಗೆ ಹೇಳ್ಬಹುದು," ಎಂದಳು. ಮತ್ತೆ, "ಪುಸ್ತಕದಲ್ಲಿ ಎಂತ ಹಾಕ್ತೀರಿ?"

"ಗೊತ್ತಿಲ್ಲ ಮಗಾ."

"ಗೊತ್ತಿಲ್ಲ ಅಂದ್ರೆ?"

ಅವನು ಪಟ್ಟಿಯನ್ನು ಕಿಸೆಗೆ ಹಾಕಿಕೊಂಡ. ಅವಳು ಫೋಟೋ ತೆಗೆಯಲಿಲ್ಲ. ಹೋಗುವಾ ಎಂದು ಮುಂದೆ ನಡೆದಳು. ವಾಪಸು ಬರುವಾಗ ಟ್ರಾಮಿನಲ್ಲಿ ಎದುರು ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬಂದಳು.

ಮನೆಗೆ ಹೋಗಿ ವಿಲ್ಫ್ರೆಡ್ ಊಟಕ್ಕೆ ಕೂತ. ಡೊರೊತಿ ಬಂಗುಡೆ ಸಾರು ಬಡಿಸಿ, ಫೋಟೋಕ್ಕೆ ಬಿಳಿ ಶರ್ಟೋ ನೀಲಿಯೋ ಎಂದು ಕೇಳಿದಳು. ಅವನು ಅವಳಿಗೂ ಎಲ್ಲ ಹೇಳಿದ. ಸುಳ್ಳು ದಾಖಲೆ ಎಂದಾದರೆ ಕೆಲಸ ಹೋಗುತ್ತದೆ. ಕೇಸಾದರೆ ಇಲ್ಲಿ ಕೆಲಸ ಮಾಡುವ ಹಾಗಿಲ್ಲ, ಕೇಸು ಮುಗಿಯುವ ತನಕ ದೇಶ ಬಿಟ್ಟು ಊರಿಗೆ ಹೋಗುವ ಹಾಗೂ ಇಲ್ಲ. ಸುಮ್ಮನೆ ಸೈನ್ ಮಾಡಿದರೆ ಇದೊಂದೂ ಇಲ್ಲ. ಡೊರೊತಿ ಕೇಳುತ್ತಾ ಕೇಳುತ್ತಾ ಅವನ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬೆರಳಿಗೆ ಮುಳ್ಳು ಗೊತ್ತಾಗುವುದಿಲ್ಲವೆಂದು ದಿನಾ ಅವಳೇ ಬಿಡಿಸುವುದು.

"ಆ ತನಿಯನ ಹೆಂಡತಿ ಈಗ ಎಂತ ಮಾಡ್ತಾಳೆ?" ಎಂದು ಕೇಳಿದಳು.

"ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾಳಂತೆ."

"ಅವಳು ಗಂಡನ ಜೊತೆ ಎಷ್ಟು ವರ್ಷ ಇದ್ದಳೋ!" ಎಂದು ಡೊರೊತಿ ತಟ್ಟೆ ಆಚೆ ಸರಿಸಿದಳು. ಅತ್ತಳು. ಒಳ್ಳೆಯ ಹಾಗೆ ಅತ್ತು, ಮೂಗು ಒರೆಸಿಕೊಂಡು, "ನಾನು ಇಲ್ಲಿ ಬಂದು ನಾಲ್ಕು ವರ್ಷ ಆಯ್ತು. ನನಗೆ ಸಿಕ್ಕಿತು ಅಷ್ಟು. ನೀವು ಹೋಗಿ ಹೇಳಿ," ಎಂದಳು. ಹೆಂಡತಿ ಅಳುವುದನ್ನು ವಿಲ್ಫ್ರೆಡ್ ನೋಡಿದ. ತನಗೂ ಹೀಗೆ ಬಂದಿದ್ದರೆ ಒಳ್ಳೆಯದಿತ್ತು ಎನಿಸಿತೇ ಹೊರತು ಬರಲಿಲ್ಲ.

ಭಾನುವಾರ ಝೇವಿಯರ್ ಕತೆ ಕೇಳಿ ಮೊದಲು ಬಾಗಿಲು ಹಾಕಿ ಬಂದ. "ವಿಲ್ಲಿಯಣ್ಣ, ನಿಮಗೆ ತಲೆ ಸರಿ ಉಂಟಾ? ಆರು ವರ್ಷ ಆಯ್ತು. ಒಂದು ಬಿರುಕು ಇಲ್ಲ. ಕಾಂಕ್ರೀಟ್ ಅಗೆದು ನಂಬರ್ ನೋಡುವವರು ಯಾರು?" ಎಂದ. ಆಮೇಲೆ ತಾನೇ ದಾರಿ ತೋರಿಸಿದ. "ಕ್ಲರ್ಕ್ ತಪ್ಪು ಬರೆದದ್ದು ಅಂತ ಮಾಡುವಾ. ನಾಲ್ಕೈದು ಜಾಯಿಂಟ್ ತನಿಯನ ಕಡೆ ಹಾಕುವಾ. ಯಲ್ಲಾ, ಮುಗೀತು."

"ಕ್ಲರ್ಕ್ ಸರಿಯೇ ಬರೆದದ್ದು. ಪಂಚ್ ಹಾಗೆ ಉಂಟು," ಎಂದು ವಿಲ್ಫ್ರೆಡ್ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಅದರ ಹಿಂಬದಿಗೆ ಆ ನೂರ ಎಪ್ಪತ್ತಾರು ಎಲ್ಲೆಲ್ಲಿವೆ ಎಂದು ಒಂದೂ ಬಿಡದೆ ಬರೆದಿದ್ದ. ಯಾವ ಪುಸ್ತಕವನ್ನೂ ನೋಡದೆ ಬರೆದದ್ದು.

ಝೇವಿಯರ್ ಅದನ್ನು ಮೇಲಕ್ಕೆ ಕಳಿಸದೆ ಇರುವಂತಿರಲಿಲ್ಲ. ವಿಲ್ಫ್ರೆಡನ ಪಾಸು ತೆಗೆದುಕೊಂಡರು. ಬೆಸೆದವನು ಬೇರೆ ಎಂದಾದ ಮೇಲೆ ನೂರ ಎಪ್ಪತ್ತಾರನ್ನೂ ಮತ್ತೆ ಮಿಶಿನು ಹಿಡಿದು ಪರೀಕ್ಷೆ ಮಾಡಬೇಕೆಂದು ಆದೇಶವಾಯಿತು. ಸೋತವು ಎಷ್ಟು ಎಂದು ನೋಡಿಕೊಂಡು ಇವನ ಮೇಲೆ ಏನು ಮಾಡುವುದು ಎಂದು ತೀರ್ಮಾನವಂತೆ. ಶುಕ್ರವಾರ ಬೆಳಿಗ್ಗೆ ಟ್ರಾಮ್ ತಡವಾಗಿ ಹೊರಡುವುದರಿಂದ ಆ ಹೊತ್ತಿನಲ್ಲಿ ಕೆಲಸ. ಜಾಗ ತೋರಿಸಲು ವಿಲ್ಫ್ರೆಡನೇ ಬೇಕಾಯಿತು, ಪಾಸಿಲ್ಲದವನನ್ನು ಝೇವಿಯರ್ ತನ್ನ ಜೊತೆ ಕರೆದುಕೊಂಡು ಹೋಗುತ್ತಿದ್ದ. ಪರೀಕ್ಷೆಗೆ ಹೊರಗಿನಿಂದ ಬಂದವನು ಇರ್ಷಾದ್, ಉಳ್ಳಾಲದ ಬ್ಯಾರಿ ಹುಡುಗ, ಮೂವತ್ತು ವರ್ಷದ ಚೂಟಿ ಆಸಾಮಿ. ಅವನಿಗೆ ಈ ಕತೆ ಯಾವುದೂ ಗೊತ್ತಿರಲಿಲ್ಲ. ಹಳಿಯ ಬೆನ್ನಿಗೆ ಎಣ್ಣೆಯಂಥದ್ದೇನೋ ಸವರಿ, ಮಿಶಿನಿನ ಕಣ್ಣನ್ನು ಅದರ ಮೇಲೆ ಆಡಿಸಿ, ಪರದೆ ನೋಡಿ, "ಓಕೆ" ಎನ್ನುವುದು ಅವನ ಕೆಲಸ.

ಐದು ಶುಕ್ರವಾರ ಅವನು ಓಕೆ ಎಂದ. ಕಡಲ ದಂಡೆಯವು ಓಕೆ. ಗೋಪುರಗಳ ತಿರುವಿನಲ್ಲಿ, ಹಳಿ ಬಾಗಿ ಬೆಸುಗೆ ಕಷ್ಟವಾಗುವ ಕಡೆಯೂ ಓಕೆ. "ಯಾರು ಮಾರಾಯ್ರೇ ಇದನ್ನು ಮಾಡಿದ್ದು? ಇಷ್ಟು ಕ್ಲೀನ್ ಕೈ ನಾನು ನೋಡ್ಲೇ ಇಲ್ಲ," ಎಂದು ಒಂದು ದಿನ ಕೇಳಿದ. ತನಿಯ ಎಂದು ವಿಲ್ಫ್ರೆಡ್ ಹೇಳಿದ. ಆರು ವರ್ಷದಲ್ಲಿ ಆ ಹೆಸರನ್ನು ಕತೆ ಗೊತ್ತಿಲ್ಲದವರ ಎದುರು ಹೇಳಿದ್ದು ಅದೇ ಮೊದಲು.

ಆರನೆಯ ಶುಕ್ರವಾರ ಮರಳಿನ ತುಂಡು ಹಳಿ ಮಾತ್ರ ಉಳಿದಿತ್ತು. ಉಳಿದವನ್ನೆಲ್ಲ ಹಳಿ ಹಾಕಿದ ಕಾಲದಲ್ಲೇ ಒಮ್ಮೆ ಪರೀಕ್ಷಿಸಿ ಆಗಿತ್ತು. ಈ ಒಂಬತ್ತನ್ನು ಮಾತ್ರ, ಲೈನೇ ಬೇಡವೆಂದಾದ ಮೇಲೆ, ಯಾರೂ ಮುಟ್ಟಿರಲಿಲ್ಲ. ಟ್ರಾಮ್ ಹೋಗದ ಹಳಿಗೆ ಪರೀಕ್ಷೆ ಯಾಕೆ, ಬಿಡುವಾ ಎಂದ ಝೇವಿಯರ್. ಬೇಡ, ಮುಗಿಸಿಬಿಡುವಾ ಎಂದ ವಿಲ್ಫ್ರೆಡ್. ಎಂಟು ಓಕೆ ಆಯಿತು. ಒಂಬತ್ತನೆಯದರ ಮೇಲೆ ಇರ್ಷಾದ್ ಮಿಶಿನನ್ನು ಎರಡು ಸಲ ಆಡಿಸಿದ, ಒರೆಸಿ ಮೂರನೆಯ ಸಲ ಆಡಿಸಿದ.

"ಇದು ಫೇಲ್," ಎಂದ. "ಒಳಗೆ ಗುಳ್ಳೆ ಉಂಟು. ಈ ಬದಿಯಲ್ಲಿ ಮರಳು ಸರಿ ಒತ್ತಲಿಲ್ಲ, ಕಬ್ಬಿಣ ಸೋರಿದೆ. ಅದೇ ಮನುಷ್ಯನ ಕೈಯಾ ಇದು? ಆಗ್ಲಿಕ್ಕಿಲ್ಲ. ಇದು ಬಹಳ ಸುಸ್ತಾದವನು ಮಾಡಿದ್ದು. ಯಾವತ್ತಿನದ್ದು?"

ಆಗಸ್ಟ್ ಹನ್ನೊಂದು ಎಂದು ವಿಲ್ಫ್ರೆಡನಿಗೆ ಗೊತ್ತಿತ್ತು. ಹನ್ನೊಂದರ ಬೆಳಿಗ್ಗೆ ಹನ್ನೊಂದು ಗಂಟೆ, ಆ ದಿನದ ಕಡೆಯ ಬೆಸುಗೆ, ತನಿಯನದೂ ಕಡೆಯದು. ಸಾಕು, ನಾಳೆ ಮಾಡುವಾ ಪೊರ್ಬುಗಳೇ ಎಂದು ತನಿಯ ಹೇಳಿದ್ದ. ಇದೊಂದು ಮುಗಿಸಿಬಿಡು ಮಾರಾಯ ಎಂದು ಇವನು ಹೇಳಿದ್ದ. ಅಷ್ಟು ಹೇಳಿ ಹತ್ತಿರ ನಿಂತುಕೊಂಡಿದ್ದ.

ವಿಲ್ಫ್ರೆಡ್ ಉತ್ತರ ಕೊಡಲು ಬಾಯಿ ತೆರೆದ. ಮಾತಿನ ಬದಲು ಒಂದು ಕೂಗು ಬಂತು. ಹಳಿಯ ಪಕ್ಕದ ಮರಳಿನಲ್ಲಿ ಕೂತು, ಆ ಬೆಸುಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಇರ್ಷಾದ್ ಗಾಬರಿಯಾಗಿ ನೀರಿನ ಬಾಟಲಿ ತೆಗೆದ. ಝೇವಿಯರ್ ಅವನನ್ನು ತಡೆದು, ಇಬ್ಬರೂ ಬೇಲಿಯ ತನಕ ಹೋಗಿ ನಿಂತರು.

ಅರ್ಧ ಗಂಟೆಯ ಮೇಲೆ ಝೇವಿಯರ್ ಕಾಗದ ಹಿಡಿದು ಹತ್ತಿರ ಬಂದ. ನೂರ ಎಪ್ಪತ್ತೈದು ಸಾಲುಗಳಲ್ಲಿ ಹದಿನೇಳು ಹೊಡೆದುಹಾಕಿ ಮೂವತ್ತೊಂದು ಎಂದು ಬರೆದು ಆಗಿತ್ತು. ಕೊನೆಯ ಸಾಲಿನ ಮೇಲೆ ಅವನ ಪೆನ್ನು ನಿಂತಿತು.

"ಇದನ್ನೂ ತನಿಯನ ಹೆಸರಿಗೆ ಹಾಕ್ಲಾ ವಿಲ್ಲಿಯಣ್ಣ?"

"ಬೇಡ," ಎಂದ ವಿಲ್ಫ್ರೆಡ್. "ಅದು ನಾನು ಮಾಡಿದ್ದು. ಹದಿನೇಳು ಅಂತಲೇ ಇರಲಿ."